ಸಾದಾ ನೀಲಿ ಗಂಡು

ನನ್ನ ನವಿಲಿನ ಬಣ್ಣ ಮೋಸದ್ದು ಎಂದು ಓರಿನ್ ಟ್ಯಾಡೆನ್ ಹೇಳಿದ್ದು ವರ್ಷವರ್ಷದ ಏಪ್ರಿಲ್ ನವಿಲು ಪ್ರದರ್ಶನದಲ್ಲಿ, ಎಲ್ಲರ ಎದುರಿಗೆ. ಹೇಳುವ ಮೊದಲು ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು ನನ್ನ ಗಂಡು ನವಿಲಿನ ಕತ್ತಿನ ಗರಿಯನ್ನು ಉಜ್ಜಿ ನೋಡಿದ. ಬೆರಳಿಗೆ ಏನೂ ಹತ್ತಲಿಲ್ಲ. ಆದರೂ ಹೇಳಿದ. ವಯಸ್ಸಿನಲ್ಲಿ ನನ್ನ ತಂದೆಯ ಸಮಾನ, ಎದುರಿಗೆ ನೀವು ಎಂದೇ ಮಾತಾಡಿಸುತ್ತೇನೆ. ಇಲ್ಲಿ ಮಾತ್ರ ಅವನು ಎಂದು ಬರೆಯುತ್ತೇನೆ. ಅಷ್ಟು ಹಕ್ಕನ್ನು ಅವತ್ತು ಅವನೇ ನನಗೆ ಕೊಟ್ಟ.

“ಇದು ಹೊಸ ಬಣ್ಣ ಅಲ್ಲ ಕಣಮ್ಮ ಅರ್ಲಿಸ್. ನೇರಳೆ ನವಿಲು ಬಿಸಿಲಿಗೆ ಮಾಸಿದೆ, ಅಷ್ಟೇ. ಮಾಸಿದ್ದು ಸಾಲ್ದು ಅಂತ, ಹೆಂಗಸರು ಕೂದಲಿಗೆ ಹಚ್ಕೊಳ್ಳೋ ಬಾಟ್ಲಿನೂ ಸ್ವಲ್ಪ ಸಹಾಯ ಮಾಡಿರೋ ಹಾಗಿದೆ.”

ಸುತ್ತ ನಿಂತಿದ್ದವರು ನಕ್ಕರು. ಓರಿನ್‌ನ ಹೊಲದಲ್ಲಿ ನವಿಲುಗಳಿಗೆಂದೇ ನೂರು ಬಲೆಮನೆಗಳಿವೆ. ನವಿಲು ಸಾಕುವವರು ಇವತ್ತು ಬಾಯಲ್ಲಿ ಆಡುವ ಬಣ್ಣಗಳಲ್ಲಿ ಮೂರು ಮೊದಲು ಹುಟ್ಟಿದ್ದು ಅಲ್ಲೇ, ಹೆಸರಿಟ್ಟವನೂ ಅವನೇ. ಹೊಸ ಬಣ್ಣ ಹೌದೋ ಅಲ್ಲವೋ ಎಂದು ತೀರ್ಮಾನ ಕೊಡುವ ಮಂಡಳಿಗೂ ಅವನೇ ಹಿರಿಯ. ಅಯೋವಾದ ನಮ್ಮ ಕಡೆ, ಎತ್ತು ಈದಿದೆ ಎಂದು ಓರಿನ್ ಹೇಳಿದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ಎಲ್ಲ. ನವಿಲನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಡು, ತಪ್ಪು ಒಪ್ಪಿಕೊಳ್ಳುವವರೆಗೆ ಈ ಬಾಗಿಲಿಗೆ ಬರಬೇಡ ಎಂದರು ಮಂಡಳಿಯವರು. ಹೊರಟೆ. ಅಳಲಿಲ್ಲ, ಅಳುವಷ್ಟು ಮೆತ್ತಗಿನ ಮನಸ್ಸು ಆಗ ನನ್ನಲ್ಲಿ ಇರಲಿಲ್ಲ.

ಗಾಡಿ ಓಡಿಸುತ್ತಿದ್ದ ನನ್ನ ಗಂಡ ಡೆಲ್ಮರ್ ಅರ್ಧ ದಾರಿ ಕಳೆದ ಮೇಲೆ, “ಹೋಗ್ಲಿ ಬಿಡೇ. ಹಕ್ಕಿ ಚೆಂದ ಇದೆ, ನಾವು ಮನೇಲೇ ನೋಡ್ಕೊಳ್ಳೋಣ,” ಎಂದ.

“ಹಕ್ಕೀನ ಬೈದಿದ್ರೆ ಬಿಡ್ತಿದ್ದೆ. ಮೋಸಗಾತಿ ಅಂದ ನನ್ನ. ಆ ಮಾತನ್ನ ಆ ಬಾಯಿಂದಲೇ ವಾಪಸ್ ತೆಗೆಸ್ತೀನಿ.”

“ಆ ಬಾಯಿ ಇವತ್ತಿನವರೆಗೆ ಏನನ್ನೂ ವಾಪಸ್ ತಗೊಂಡಿಲ್ಲ ಮಾರಾಯ್ತಿ.”

“ತಗೊಳ್ಳತ್ತೆ.”

ಆ ಬಣ್ಣ ಬಂದದ್ದು ಹೇಗೆಂದು ಹೇಳಬೇಕು. ನಮ್ಮಲ್ಲಿ ನೀಲಿ ಎಂದರೆ ಬೆಲೆಯಿಲ್ಲದ್ದು. ಯಾರೇ ಆಗಲಿ ನವಿಲು ಎಂದೊಡನೆ ನೆನೆಯುತ್ತಾರಲ್ಲ, ಅದೇ ನೀಲಿ ಕತ್ತು, ಹಸಿರು ಬಾಲ. ಇಲ್ಲಿ ಅದು ಎರಡು ಹೊಲಕ್ಕೊಂದರಂತೆ ಛಾವಣಿಯ ಮೇಲೆ ಕೂತಿರುತ್ತದೆ, ಹೊಸ ಕಾರಿನ ಮೇಲೆ ಹೇತು ಹೋಗುತ್ತದೆ. ಅಂಥ ಸಾದಾ ನೀಲಿ ಜೋಡಿಯೊಂದಕ್ಕೆ ಒಂದು ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ವಿಚಿತ್ರ ಮರಿ ಹುಟ್ಟಿತು. ಹೆಣ್ಣು. ಬೆಳೆಯುತ್ತ ಬೆಳೆಯುತ್ತ ಅದರ ಮೈ, ಕಟಾವಾದ ಮೆಕ್ಕೆಜೋಳದ ಹೊಲದ ಮೇಲೆ ಬೆಳಗಿನ ಹಿಮ ಕೂತಾಗಿನ ಬಣ್ಣಕ್ಕೆ ತಿರುಗಿತು. ಕೆಳಗೆ ತುಕ್ಕು, ಮೇಲೆ ಬಿಳಿ ಮಬ್ಬು. ನಮ್ಮ ಕಡೆ ಆ ಬಣ್ಣ ನವೆಂಬರಿನಲ್ಲಿ ಮಾತ್ರ ಕಾಣಸಿಗುತ್ತದೆ, ಅದಕ್ಕೆ ನವೆಂಬರ್ ಎಂದೇ ಕರೆದೆ.

ಹೆಣ್ಣೇ ಯಾಕೆ ಎಂದರೆ ಕೆಲವು ಬಣ್ಣಗಳ ದಾರಿಯೇ ಹಾಗೆ. ಗಂಡಿನ ಮೈಮೇಲೆ ಅದು ಕಾಣಬೇಕಾದರೆ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು, ಎರಡೂ ಬರಬೇಕು. ಒಂದೇ ಪಾಲು ಬಂದವನು ಹೊರಗೆ ನೀಲಿಯಾಗಿಯೇ ಇದ್ದು, ಬಣ್ಣವನ್ನು ಒಳಗೆ ಬಚ್ಚಿಟ್ಟುಕೊಂಡು ತಿರುಗುತ್ತಾನೆ. ಹೆಣ್ಣಿಗೆ ಸಿಗುವುದು ಅಪ್ಪನ ಪಾಲು ಮಾತ್ರ. ಏನು ಬಂತೋ ಅದು ನೇರ ಮೈಮೇಲೆ.

“ಗಂಡು ಒಳಗೊಂದು ಇಟ್ಕೊಂಡು ಹೊರಗೊಂದು ತೋರಿಸ್ತಾನೆ. ಹೆಣ್ಣಿಗೆ ಹಾಗೆ ಮುಚ್ಚಿಡೋಕಾಗಲ್ಲ,” ಎಂದು ಡೆಲ್ಮರ್‌ಗೆ ವಿವರಿಸಿದಾಗ ಅವನು ಕಾಫಿ ಲೋಟ ಕೆಳಗಿಟ್ಟು, “ಈಗ ನಾನೇನೇ ಮುಚ್ಚಿಟ್ಟೆ?” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆ ಹೆಣ್ಣು ದೊಡ್ಡದಾದ ಮೇಲೆ ಅದನ್ನು ಅದರ ಅಪ್ಪನ ಜೊತೆಗೇ ಬಿಟ್ಟೆ. ಬೇರೆ ದಾರಿಯಿರಲಿಲ್ಲ, ಆ ಬಣ್ಣ ಇದ್ದದ್ದೇ ಅವರಿಬ್ಬರ ಮೈಯಲ್ಲಿ. ಚರ್ಚಿನ ನೆಲಮಾಳಿಗೆಯ ಕಾಫಿ ಕೂಟದಲ್ಲಿ ಇದನ್ನು ಕೇಳಿದ ಒಬ್ಬಾಕೆ ನನ್ನ ಪಕ್ಕದ ಕುರ್ಚಿ ಬಿಟ್ಟು ಎದ್ದು ಹೋದಳು. ಹೋಗಲಿ. ಆ ಜೋಡಿಯಿಂದ ಮೊದಲ ನವೆಂಬರ್ ಗಂಡು ಹುಟ್ಟಿತು. ಮೂರು ವರ್ಷಕ್ಕೆ ಬಾಲ ಬೆಳೆಸಿತು. ಓರಿನ್ ಎಂಜಲು ಹಚ್ಚಿ ಉಜ್ಜಿದ್ದು ಅದರ ಕತ್ತನ್ನೇ.

ಕಷ್ಟವೆಂದರೆ ಅವನು ಬಾಯಿಗೆ ಬಂದದ್ದನ್ನು ಆಡಿರಲಿಲ್ಲ. ನೇರಳೆ ನವಿಲು ಬಿಸಿಲಿಗೆ ಮಾಸುವುದು ನಿಜ, ಮಾಸಿದಾಗ ಕಂದು ತಿರುಗುವುದೂ ನಿಜ. ಅದೂ ನನ್ನ ನವೆಂಬರಿನ ಹಾಗೆ ಹೆಣ್ಣಿಗೆ ಮುಚ್ಚಿಡಲಾಗದ ಬಣ್ಣ. ಎರಡೂ ಒಂದೇ ಅಲ್ಲ ಎಂದು ತೋರಿಸಲು ಮಾತು ಸಾಲದು, ಮರಿಗಳೇ ಬಂದು ಹೇಳಬೇಕು. ಅದಕ್ಕೆ ನನ್ನ ನವೆಂಬರ್ ಗಂಡನ್ನು ಒಂದು ನೇರಳೆ ಹೆಣ್ಣಿನ ಜೊತೆ ಬಿಟ್ಟೆ. ಆ ಹೆಣ್ಣು ಹಿಂದೆ ಓರಿನ್‌ನಿಂದಲೇ ತಂದದ್ದು, ಕಾಲಿನಲ್ಲಿ ಅವನದೇ ಗುರುತಿನ ಉಂಗುರವಿತ್ತು.

ಅದರ ಲೆಕ್ಕ ಸುಲಭ. ಒಂದು ಮನೆಯಲ್ಲಿ ಹಿಟ್ಟಿಲ್ಲ, ಇನ್ನೊಂದು ಮನೆಯಲ್ಲಿ ಬೆಣ್ಣೆಯಿಲ್ಲ. ಇಬ್ಬರೂ ಸೇರಿದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿ ಒಂದು ಪೂರ್ತಿ ಪೈ ಬೇಯುತ್ತದೆ. ಎರಡು ಮನೆಯಲ್ಲೂ ಇಲ್ಲದ್ದು ಹಿಟ್ಟೇ ಆದರೆ ಎಷ್ಟು ಸೇರಿದರೂ ಅಷ್ಟೇ. ನನ್ನದು ಮಾಸಿದ ನೇರಳೆಯಾಗಿದ್ದರೆ ಹುಟ್ಟುವ ಗಂಡುಮರಿಗಳೆಲ್ಲ ನೇರಳೆ. ಬೇರೆಯೇ ಬಣ್ಣವಾಗಿದ್ದರೆ ಗಂಡುಮರಿಗಳು ಪೂರ್ತಿಯಾಗಿ ಹುಟ್ಟಬೇಕು. ಪೂರ್ತಿ ಎಂದರೆ, ಸಾದಾ ನೀಲಿ.

ಜೂನ್‌ನಲ್ಲಿ ಮೊಟ್ಟೆಗಳ ಕಾವು ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿ ನೋಡಿದ ಡೆಲ್ಮರ್ ತಲೆ ಚಚ್ಚಿಕೊಂಡ. “ಹೆಣ್ಣುಮರಿಗಳು ನಿನ್ನ ನವೆಂಬರ್, ಸರಿ. ಗಂಡು ನೋಡೇ, ನೀಲಿ! ಇಷ್ಟು ವರ್ಷ ಒದ್ದಾಡಿ ಕೊನೆಗೆ ನೀಲಿ ಹುಟ್ಟಿಸ್ದ್ಯಾ? ಪಕ್ಕದ ಮನೆಯವರು ಪುಕ್ಕಟೆ ಕೊಡ್ತಿದ್ರಲ್ಲ!”

ನಾನು ಅವನ ಕೆನ್ನೆಗೆ ಮುತ್ತು ಕೊಟ್ಟೆ. ಎಲ್ಲರೂ ಬೇಡವೆಂದು ಸಂತೆಗೆ ಒಯ್ದು ಸುರಿಯುವ ಆ ನೀಲಿ ಮರಿಗಳೇ ನನ್ನ ಗೆಲುವು ಎಂದು ಅವನಿಗೆ ತಿಳಿಸಿ ಹೇಳಲು ಊಟದ ಹೊತ್ತಿನವರೆಗೆ ಬೇಕಾಯಿತು.

ಆ ಸಂಜೆಯೇ ಓರಿನ್‌ಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ನಿಧಾನವಾಗಿ, “ನಿಮ್ಮ ಪಕ್ಕದ ಹೊಲದಲ್ಲಿ ನೀಲಿ ಗಂಡುಗಳು ಬಿಡುಬೀಸಾಗಿ ಓಡಾಡ್ತವಲ್ಲ. ಯಾವನೋ ಬೇಲಿ ಹಾರಿದಾನೆ,” ಎಂದ.

“ಒಂದೇ ಗೂಡಿನ ಮರಿಗಳು ಓರಿನ್. ಅಕ್ಕಂದಿರಿಗೆ ಒಬ್ಬ ಅಪ್ಪ, ತಮ್ಮಂದಿರಿಗೆ ಇನ್ನೊಬ್ಬನಾ?”

“ನವಿಲಲ್ಲಿ ಆಗುತ್ತೆ ಕಣಮ್ಮ. ನಿಂಗೂ ಗೊತ್ತು, ನಂಗೂ ಗೊತ್ತು.”

ಆಗುತ್ತದೆ. ಅದೂ ನಿಜವೇ. ಮುದುಕನ ಹತ್ತಿರ ಯಾವಾಗಲೂ ಒಂದು ನಿಜ ಉಳಿದಿರುತ್ತಿತ್ತು. ಫೋನ್ ಇಟ್ಟು, ಪಾತ್ರೆ ತೊಳೆಯಲು ಹೋಗಿ ಒಂದು ಬಟ್ಟಲು ಒಡೆದೆ.

ಇನ್ನು ಉಳಿದದ್ದು ಒಂದೇ ದಾರಿ. ಆ ನೀಲಿ ಗಂಡುಮರಿ ದೊಡ್ಡದಾಗಿ, ಅಪ್ಪನಾಗಿ, ಒಳಗಿಟ್ಟುಕೊಂಡದ್ದನ್ನು ತನ್ನ ಹೆಣ್ಣುಮಕ್ಕಳ ಮೈಮೇಲೆ ತೋರಿಸಬೇಕು. ಅದಕ್ಕೆ ಮೂರು ಚಳಿಗಾಲ ಕಾಯಬೇಕು. ಮೊದಲ ಚಳಿಗಾಲದಲ್ಲೇ ರಕೂನ್ ಎಂಬ ಕಾಡುಪ್ರಾಣಿ ಬಲೆ ಹರಿದು ಒಳನುಗ್ಗಿ ನೀಲಿ ಗಂಡುಗಳಲ್ಲಿ ಒಂದನ್ನು ಬಿಟ್ಟು ಎಲ್ಲವನ್ನೂ ಕೊಂದಿತು. ಉಳಿದವನಿಗೆ ಡೆಲ್ಮರ್ ಸಾಕ್ಷಿ ಎಂದು ಹೆಸರಿಟ್ಟ. ಎರಡನೆಯ ಚಳಿಗಾಲದಲ್ಲಿ ಹಿಮಗಾಳಿ ಬೀಸಿ ಕರೆಂಟು ಹೋದಾಗ ಸಾಕ್ಷಿಯನ್ನು ಕಾಲುಬೆರಳು ಸೆಟೆಯದಿರಲೆಂದು ಅಡುಗೆಮನೆಗೆ ತಂದುಕೊಂಡೆವು. ಅವನು ಫ್ರಿಜ್ಜಿನ ಮೇಲೆ ಹತ್ತಿ ಕೂತು ಡೆಲ್ಮರ್‌ನ ಬೆಳಗಿನ ತಿಂಡಿಯ ತಟ್ಟೆಗೆ ಬಾಯಿ ಹಾಕಿದ. ನನಗೆ ಸಿಟ್ಟು ಬರಲಿಲ್ಲ, ಡೆಲ್ಮರ್‌ಗೂ ಬರಲಿಲ್ಲ.

ಮೂರನೆಯ ಚಳಿಗಾಲ ಕಳೆದು ನೆಲದ ಹಿಮ ಕರಗಿದಾಗ ನನಗೊಂದು ವಿಷಯ ಸ್ಪಷ್ಟವಾಯಿತು. ಸಾಕ್ಷಿಯ ಮಕ್ಕಳು ನನ್ನ ಮನೆಯಲ್ಲಿ ಹುಟ್ಟಿದರೆ ಅವು ಯಾವ ಬಣ್ಣದವಾದರೂ ಯಾರೂ ನಂಬುವುದಿಲ್ಲ. ಮೋಸಗಾತಿಯ ಮನೆಯಲ್ಲಿ ಹುಟ್ಟಿದ್ದೆಲ್ಲ ಮೋಸವೇ.

“ಓರಿನ್ ಮನೆಗೆ ಬಿಟ್ಟು ಬರ್ತೀನಿ,” ಎಂದೆ.

ಡೆಲ್ಮರ್ ಗಂಟಲಲ್ಲಿ ರೊಟ್ಟಿ ಸಿಕ್ಕಿಕೊಂಡಿತು. “ಕುರೀನ ಕಾಯೋಕೆ ತೋಳನ ಕೈಗೆ ಕೊಡ್ತಾರೇನೇ? ಇರೋನು ಒಬ್ಬನೇ ಸಾಕ್ಷಿ!”

“ಸಾಕ್ಷೀನ ನಮ್ಮ ಅಟ್ಟದ ಮೇಲೆ ಇಟ್ಕೊಂಡು ಪೂಜೆ ಮಾಡ್ಲಾ? ಸಾಕ್ಷಿ ಹೇಳ್ಬೇಕಾದ್ದು ಅಲ್ಲಿ.”

ನಾನು ಸಾಕ್ಷಿಯ ರೆಕ್ಕೆಗಳನ್ನು ಮೈಗೆ ಅಪ್ಪಿ ಹಿಡಿದು, ಕಾಲುಗಳನ್ನು ಒಂದು ಕೈಯಲ್ಲಿ ಬಿಗಿದು, ಉದ್ದನೆಯ ಪೆಟ್ಟಿಗೆಗೆ ಬಾಲ ಮುರಿಯದ ಹಾಗೆ ಇಳಿಸಿದೆ. ಓರಿನ್‌ನ ಅಂಗಳದಲ್ಲಿ ಪೆಟ್ಟಿಗೆ ಇಳಿಸಿದಾಗ ಅವನು ಊರುಗೋಲು ಹಿಡಿದು ಬಂದು ಒಳಗೆ ಇಣುಕಿ ನಕ್ಕ.

“ನಮ್ಮನೇಲಿ ನೀಲಿಗೆ ಬರ ಬಂದಿದೆ ಅಂತ ಯಾರಮ್ಮ ಹೇಳಿದ್ದು ನಿಂಗೆ?”

“ನೀವು ಬೇಲಿ ಹಾರಿದೋನ ಮಗ ಅಂದ್ರಲ್ಲ, ಅವನೇ ಇವನು. ನಿಮ್ಮ ನೀಲಿ ಹೆಣ್ಣುಗಳ ಜೊತೆ ಬಿಡಿ. ನಿಮ್ಮ ಬಲೆ, ನಿಮ್ಮ ಬೀಗ, ನಿಮ್ಮ ಕಾವು ಪೆಟ್ಟಿಗೆ. ಮೊಟ್ಟೆ ಒಡೆಯೋವರೆಗೆ ನಾನು ಈ ಕಡೆ ತಲೆ ಹಾಕಲ್ಲ.”

ಅವನ ನಗು ಸ್ವಲ್ಪ ಸಣ್ಣದಾಯಿತು.

“ಇವನಮ್ಮ ನಿಮ್ಮ ನೇರಳೆ. ಬೇಲಿ ಹಾರಿ ಬಂದೋನು ಇವನಪ್ಪ ಆಗಿದ್ರೆ, ಇವನಿಗೆ ಹುಟ್ಟೋ ಹೆಣ್ಣುಗಳಲ್ಲಿ ಅರ್ಧ ನೀಲಿ, ಅರ್ಧ ನೇರಳೆ. ನನ್ನ ನವೆಂಬರ್ ಅಪ್ಪ ಆಗಿದ್ರೆ ಅರ್ಧ ನೇರಳೆ, ಇನ್ನರ್ಧ ನನ್ನ ಬಣ್ಣ. ಒಂದೇ ಸೂರು, ಒಂದೇ ದೀಪ. ಬಿಸಿಲು ಅನ್ನೋ ಹಾಗಿಲ್ಲ, ಬಾಟ್ಲಿ ಅನ್ನೋ ಹಾಗಿಲ್ಲ.”

ಅವನ ತುಟಿ ಸದ್ದಿಲ್ಲದೆ ಅಲ್ಲಾಡಿತು. ಲೆಕ್ಕ ಹಾಕುತ್ತಿದ್ದ. ತಾಯಿಯ ಪಾಲು, ತಂದೆಯ ಪಾಲು ಎಂದು ಎರಡೂ ಕೈಯ ಬೆರಳು ಮಡಚಿ ಬಿಚ್ಚಿದ. ಲೆಕ್ಕ ಸರಿಯಿದೆ ಎಂದು ಮುಖವೇ ಹೇಳಿತು.

“ನಾನು ಇವನ ಕತ್ತು ತಿರುಚಿ, ನರಿ ಒಯ್ತು ಅಂದ್ರೆ?”

“ಆಗ ನೀವು ಹೆದರಿದ್ರಿ ಅಂತ ನಿಮಗೆ ಗೊತ್ತಿರುತ್ತೆ.”

ಊರುಗೋಲಿನಿಂದ ನೆಲ ಕುಟ್ಟಿ, “ಒಳಗೆ ತಗೊಂಬಾ,” ಎಂದ.

ಮೇ ಕಳೆಯಿತು, ಜೂನ್ ಕಳೆಯಿತು. ಮೊಟ್ಟೆ ಒಡೆಯುವ ಕಾಲವೂ ಕಳೆಯಿತು. ಫೋನ್ ಬರಲಿಲ್ಲ. ಡೆಲ್ಮರ್ ಊಟಕ್ಕೆ ಕೂತಾಗಲೆಲ್ಲ ಫೋನಿನ ಕಡೆ ನೋಡುತ್ತಿದ್ದ, ಏನೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಜುಲೈನ ಒಂದು ಬೆಳಿಗ್ಗೆ ನಾನೊಬ್ಬಳೇ ಖಾಲಿ ಪೆಟ್ಟಿಗೆ ಹೇರಿಕೊಂಡು ಹೊರಟೆ.

ಓರಿನ್ ಮರಿಕೋಣೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ. ಕಿಟಕಿಗೆ ಹಲಗೆ ಹೊಡೆದಿತ್ತು, ಕೆಂಪು ದೀಪ ಬಿಟ್ಟರೆ ಬೆಳಕಿಲ್ಲ. ದೀಪದ ಕೆಳಗೆ ನೀಲಿಯ ಗಂಡುಮರಿಗಳು, ನೇರಳೆಯ ಹೆಣ್ಣುಮರಿಗಳು, ಅವುಗಳ ನಡುವೆ ಬೂದಿ ಉದುರಿಸಿದ ಬೆಣ್ಣೆಯ ಹಾಗಿದ್ದ ಐದು ಮರಿಗಳು. ನಾನು ಬಾಗಿಲಲ್ಲೇ ನಿಂತೆ. ಅವು ನನ್ನವು, ಹುಟ್ಟಿದ್ದು ಅವನ ಬೀಗದೊಳಗೆ.

“ಒಂದು ಫೋನ್ ಮಾಡೋಕೆ ನಿಮ್ಮ ಗಂಟೇನು ಹೋಗ್ತಿತ್ತು?”

“ಕೂತ್ಕೊ ಅರ್ಲಿಸ್.” ಅವನು ಇನ್ನೊಂದು ಸ್ಟೂಲ್ ತೋರಿಸಿದ. ನಾನು ಕೂರಲಿಲ್ಲ. “ನಾನೊಂದು ಯೋಚನೆ ಮಾಡಿದೀನಿ. ಈ ಬಣ್ಣ ನಾನು ಮುಂದಿಟ್ರೆ ಒಬ್ಬನೂ ಎದುರು ಮಾತಾಡಲ್ಲ. ನೀನಿಟ್ರೆ ಇನ್ನೂ ಹತ್ತು ವರ್ಷ ಗಲಾಟೆ. ಟ್ಯಾಡೆನ್ ಹೊಲದ ನವೆಂಬರ್ ಅಂತ ಹೋಗ್ಲಿ. ನಿನ್ನ ಹೆಸರೂ ಜೊತೆಗಿರುತ್ತೆ. ಆ ಗಂಡನ್ನ ಮಾತ್ರ ಇಲ್ಲೇ ಬಿಡು, ಈ ಹೆಣ್ಣುಗಳು ದೊಡ್ಡವಾಗೋವರೆಗೆ.”

“ನನ್ನದು ಅಂತ ಒಪ್ಕೊಂಡ್ರಲ್ಲ. ಹಾಗಿದ್ರೆ ಏಪ್ರಿಲ್‌ನಲ್ಲಿ ಜನರ ಮುಂದೆ ಹೇಳಿ, ನಾನು ಅಂದಿದ್ದು ತಪ್ಪು ಅಂತ. ಆಮೇಲೆ ಗಂಡಿನ ಮಾತು.”

“ಎಂಬತ್ತಕ್ಕೆ ಬಂದೋನು ಜನರ ಮುಂದೆ ನಿಂತು ತಪ್ಪಾಯ್ತು ಅನ್ನಬೇಕಾ?”

“ಎಪ್ಪತ್ತಾರು ವಯಸ್ಸಲ್ಲಿ ಜನರ ಮುಂದೆ ನಿಂತು ಬೈದ್ರಲ್ಲ.”

ನಾನು ಹಿಂದಿನ ಬಾಗಿಲಿನಿಂದ ಬಲೆಮನೆಗೆ ಹೋಗಿ ಸಾಕ್ಷಿಯನ್ನು ಹಿಡಿದೆ. ಮುದುಕ ಚೆನ್ನಾಗಿ ನೋಡಿಕೊಂಡಿದ್ದ, ಸುಳ್ಳು ಹೇಳಬಾರದು; ಮೈ ತುಂಬಿಕೊಂಡಿತ್ತು. ಪೆಟ್ಟಿಗೆಗೆ ಇಳಿಸುವಾಗ ಓರಿನ್ ಹಿಂದೆಯೇ ಬಂದು ನಿಂತ.

“ಮರಿಗಳು ನನ್ನ ಹತ್ರ ಇದಾವೆ, ಮರೀಬೇಡ.”

“ಇರ್ಲಿ, ಇಟ್ಕೊಳ್ಳಿ. ನನ್ನ ಬಣ್ಣದವು ಅಷ್ಟೂ ಹೆಣ್ಣು. ಹೆಣ್ಣಿಗೆ ಬಾಲ ಬರಲ್ಲ. ಬಾಲ ಬಿಚ್ಚಿ ಕುಣಿಯೋ ನವೆಂಬರ್ ಗಂಡು ಬೇಕು ಅಂದ್ರೆ ಮೊದಲು ಇವು ದೊಡ್ಡವಾಗ್ಬೇಕು. ಇವರ ಅಣ್ಣತಮ್ಮಂದಿರೆಲ್ಲ ಹೊರಗೆ ನೀಲಿ. ಒಳಗೆ ನೇರಳೆ ಇರೋನು ಯಾವನು, ನನ್ನ ಬಣ್ಣ ಇರೋನು ಯಾವನು ಅಂತ ಮಕ್ಕಳು ಹುಟ್ಟಿಸಿಯೇ ಹುಡುಕ್ಬೇಕು. ಆಮೇಲೆ ಹುಟ್ಟಿದ ಗಂಡು ಬಾಲ ಬೆಳೆಸೋಕೆ ಇನ್ನೂ ಮೂರು ವರ್ಷ. ನಮ್ಮನೇಲಿ ಬಾಲ ಬೆಳೆದಿರೋನು ಈಗಲೇ ಇದಾನೆ.” ಪೆಟ್ಟಿಗೆಯ ಚಿಲಕ ಹಾಕಿದೆ. “ಲೆಕ್ಕ ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ? ನಿಮ್ಮ ವಯಸ್ಸು ಸೇರಿಸಿ ಹಾಕಿ ನೋಡಿ.”

ಹೇಳಿದ ಮೇಲೆ ನನಗೇ ಕೆಟ್ಟದೆನಿಸಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುದುಕ ಬಲೆಯ ಕಂಬಕ್ಕೆ ಒರಗಿದ. ಅವನ ಬೆರಳುಗಳು ಮತ್ತೆ ಮಡಚಿ ಬಿಚ್ಚಿಕೊಂಡವು. ಆಮೇಲೆ, ನನ್ನನ್ನು ನೋಡದೆ, “ಅವತ್ತು ನಿನ್ನ ಹಕ್ಕಿ ಬಾಲ ಬಿಚ್ಚೋಕೆ ಮುಂಚೆನೇ ಆಚೆ ಕಳಿಸ್ಬಿಟ್ಟೆ. ಹೇಗಿರುತ್ತೆ ಅದು, ಬಿಚ್ಚಿದಾಗ?” ಎಂದು ಕೇಳಿದ.

“ಏಪ್ರಿಲ್‌ಗೆ ತರ್ತೀನಿ. ಬಂದು ನೋಡಿ.”

“ನಿನ್ನನ್ನ ಒಳಗೆ ಬಿಡಲ್ವಲ್ಲ.”

“ಅದು ನಿಮ್ಮ ಬಾಯಲ್ಲಿದೆ.”

ಚಳಿಗಾಲವೆಲ್ಲ ಅವನಿಂದ ಸುದ್ದಿಯಿಲ್ಲ. ಏಪ್ರಿಲ್‌ನಲ್ಲಿ ನಾನು ನವೆಂಬರ್ ಗಂಡನ್ನು ಗಾಡಿಗೆ ಏರಿಸಿದೆ. ಪ್ರದರ್ಶನದೊಳಗೆ ಬಿಡಲಿಲ್ಲ, ಬಿಡುತ್ತಾರೆಂದು ನಾನೂ ಅಂದುಕೊಂಡಿರಲಿಲ್ಲ. ಸಭಾಂಗಣದ ಬಾಗಿಲಿಗೆ ನೇರ ಎದುರು, ಸರ್ಕಾರದ ರಸ್ತೆಯ ಮೇಲೆ ಗಾಡಿಯ ಹಿಂದೆ ಕಟ್ಟಿದ್ದ ಟ್ರೇಲರ್ ನಿಲ್ಲಿಸಿ ಅದರ ಪಕ್ಕದ ಬಾಗಿಲು ಪೂರ್ತಿ ತೆರೆದಿಟ್ಟೆ, ಒಳಗೆ ಬಲೆ ಮಾತ್ರ. ಮಂಡಳಿಯವನೊಬ್ಬ ಓಡಿ ಬಂದು, ಇಲ್ಲಿ ನಿಲ್ಲಿಸಬಾರದು ಎಂದ.

“ರಸ್ತೆ ನಿಮ್ಮಪ್ಪಂದಾ?” ಎಂದು ಡೆಲ್ಮರ್ ಕೇಳಿದ. ಮದುವೆಯಾದ ಮೇಲೆ ಅವನು ಬೇರೆಯವರೊಡನೆ ಆಡಿದ ಅತಿ ಒರಟು ಮಾತು ಅದು. ನನಗೆ ತುಂಬ ಇಷ್ಟವಾಯಿತು.

ಮಧ್ಯಾಹ್ನದ ಹೊತ್ತಿಗೆ ನವಿಲು ಬಾಲ ಬಿಚ್ಚಿತು. ತುಕ್ಕಿನ ಮೇಲೆ ಹಿಮ, ಹಿಮದ ಮೇಲೆ ಕಣ್ಣುಗಳು. ಒಂದೊಂದು ಕಣ್ಣಿನ ನಡುವೆಯೂ ಹೊಗೆಯ ಬೊಟ್ಟು. ಒಳಗಿನಿಂದ ಒಬ್ಬೊಬ್ಬರಾಗಿ ಹೊರಬಂದು ಮೆಟ್ಟಿಲ ಮೇಲೆ ನಿಂತರು. ಯಾರೂ ರಸ್ತೆ ದಾಟಲಿಲ್ಲ. ದಾಟಿದವನು ಓರಿನ್. ಕೈಯಲ್ಲಿ ಒಂದು ಪೆಟ್ಟಿಗೆ, ಊರುಗೋಲು ಕಂಕುಳಲ್ಲಿ. ಡೆಲ್ಮರ್ ಪೆಟ್ಟಿಗೆ ಹಿಡಿಯಲು ಹೋದರೆ ಕೊಡಲಿಲ್ಲ. ಮುದುಕ ನವಿಲಿನ ಮುಂದೆ ಟೋಪಿ ತೆಗೆದು ನಿಂತ, ಬಾಲ ಮಡಚುವವರೆಗೆ ರೆಪ್ಪೆ ಅಲ್ಲಾಡಿಸಲಿಲ್ಲ. ಆಮೇಲೆ ಪೆಟ್ಟಿಗೆ ತೆರೆದು, ಒಂದು ವರ್ಷ ತುಂಬದ ನವೆಂಬರ್ ಹೆಣ್ಣನ್ನು ಎತ್ತಿ ಎದೆಗೆ ಹಿಡಿದು ಮೆಟ್ಟಿಲ ಕಡೆ ತಿರುಗಿದ.

“ಇದು ನನ್ನ ಮನೇಲಿ ಹುಟ್ಟಿದ್ದು. ನನ್ನ ಬೀಗದೊಳಗೆ. ಇವತ್ತೇ ಮೊದಲು ಬಿಸಿಲು ಕಾಣ್ತಿರೋದು. ಬಣ್ಣ ಅರ್ಲಿಸ್ ವೊಂಡ್ರಾಚೆಕ್‌ದು.” ಮುಂದಿನ ಮಾತು ಗೊಣಗಿದ ಹಾಗಿತ್ತು. “ನಾನು ಅವಳಿಗೆ ಅಂದಿದ್ದು ತಪ್ಪು.”

ಸಾಕು ಎಂಬಂತೆ ಡೆಲ್ಮರ್ ನನ್ನ ಮೊಣಕೈ ಹಿಡಿದ. ನಾನು ಬಿಡಿಸಿಕೊಂಡೆ.

“ಹಿಂದಿರೋರಿಗೆ ಕೇಳಿಸ್ಲಿಲ್ಲ ಓರಿನ್,” ಎಂದೆ. “ಇನ್ನೊಂದ್ಸಲ ಹೇಳಿ.”

ಹೇಳಿದ.